ಹಳೇ ಹಾಯಿದೋಣಿ ಕೊಳ್ತಿದ್ದೀರಾ? ವೈರಿಂಗ್ ಹೀಗೆ ನೋಡಿ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ 1970-80ರ ದಶಕದ ಕ್ಯಾಟಲಿನಾ ಬ್ರ್ಯಾಂಡಿನ ಥರದ ಫೈಬರ್‌ಗ್ಲಾಸ್ ಹಾಯಿದೋಣಿಗಳು ಹಳೇ ಕಾರಿನ ಬೆಲೆಗೇ ಸಿಗುತ್ತವೆ. ಮೈ ಗಟ್ಟಿಯಿದೆ, ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು ಅಂತ ಅಲ್ಲೇ ಮನಸೋಲಬೇಡಿ. ನಲವತ್ತು ವರ್ಷದಲ್ಲಿ ಐದಾರು ಮಾಲೀಕರು ಬಂದು ಹೋಗಿರುತ್ತಾರೆ, ಒಬ್ಬೊಬ್ಬರೂ ಒಂದೊಂದು ಭಾನುವಾರ ಕೂತು ಒಂದೊಂದು ವೈರು ಎಳೆದಿರುತ್ತಾರೆ.

ಟಾರ್ಚ್, ಮಲ್ಟಿಮೀಟರ್, ಸ್ಕ್ರೂಡ್ರೈವರ್, ಚಿಕ್ಕ ಕನ್ನಡಿ. ಇಷ್ಟು ಸಾಕು. ದಡದಿಂದ ದೋಣಿಗೆ ಕರೆಂಟ್ ತರುವ ಕೇಬಲ್ಲನ್ನು ಹಿಂದಿನ ರಾತ್ರಿಯೇ ಕಿತ್ತಿಡಿ ಅಂತ ಮಾಲೀಕರಿಗೆ ಹೇಳಿ. ಚಾರ್ಜರ್ ಓಡ್ತಿದ್ದರೆ ಸತ್ತ ಬ್ಯಾಟರಿಯೂ 13 ವೋಲ್ಟ್ ತೋರಿಸುತ್ತದೆ. ಸುಮ್ನೆ ಬಿಟ್ಟ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಅಂದ್ರೆ ಅರ್ಧ.

ಈಗ ಬ್ಯಾಟರಿಯ ಪ್ಲಸ್ ಕಡೆ ನೋಡಿ. ಒಂದೇ ಬೋಲ್ಟಿಗೆ ಏಳೆಂಟು ವೈರು ಜೋತುಬಿದ್ದಿದ್ದರೆ ಒಂದೊಂದನ್ನೂ ಬೆರಳಲ್ಲೇ ಹಿಡಿದು ಹೋಗಿ, ಫ್ಯೂಸ್ ಎಲ್ಲಿದೆ ಹುಡುಕಿ. ಅಮೆರಿಕದಲ್ಲಿ ದೋಣಿಗಳ ಸುರಕ್ಷತಾ ನಿಯಮ ಬರೆಯುವ ಎಬಿವೈಸಿ ಸಂಸ್ಥೆಯ ಮಾನದಂಡ ಬ್ಯಾಟರಿಯಿಂದ 7 ಇಂಚಿನೊಳಗೆ ಫ್ಯೂಸ್ ಇರಲಿ ಅನ್ನುತ್ತದೆ. ಸ್ಟಾರ್ಟರ್ ವೈರಿಗೆ ವಿನಾಯಿತಿ ಇದೆ, ಪೈಪಿನೊಳಗೆ ಹೋಗುವ ವೈರಿಗೆ ಸ್ವಲ್ಪ ರಿಯಾಯಿತಿ.

ಸ್ವಿಚ್ ಪ್ಯಾನಲ್ ಬಿಚ್ಚುವ ಮುಂಚೆ ದಡದ ಕೇಬಲ್ ಹೊರಗಿದೆಯಾ ಅಂತ ಮತ್ತೊಮ್ಮೆ ನೋಡಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಯಾಕೆ ಗೊತ್ತಾ? ಹಳೇ ಅಮೆರಿಕನ್ ದೋಣಿಗಳಲ್ಲಿ 12 ವೋಲ್ಟಿನ ಮೈನಸ್ ವೈರು ಕಪ್ಪು, 120 ವೋಲ್ಟಿನ ಲೈವ್ ವೈರೂ ಕಪ್ಪು, ಎಷ್ಟೋ ಸಲ ಎರಡೂ ಒಂದೇ ಪ್ಯಾನಲಿನ ಹಿಂದೆ! ಈ ಗೊಂದಲಕ್ಕೇ ಈಗ 12 ವೋಲ್ಟಿನ ಮೈನಸ್ಸಿಗೆ ಹಳದಿ ಬಳಸಿ ಅನ್ನುತ್ತಾರೆ. ಒಳಗೆ ಮನೆ ವೈರಿಂಗಿನ ಪ್ಲಾಸ್ಟಿಕ್ ಟೋಪಿ ಹಾಕಿ ತಿರುಚಿದ ಜೋಡಣೆ ಕಂಡರೆ ಬರೆದಿಟ್ಟುಕೊಳ್ಳಿ. ದೋಣಿಯ ಅದುರಾಟಕ್ಕೆ ಅದು ಸಡಿಲವಾಗುತ್ತದೆ, ಅಲ್ಲಿರಲೇಬಾರದು.

ನಾನು ನೋಡಿದ ಒಂದು ದೋಣಿಯಲ್ಲಿ ಪ್ಯಾನಲ್ ಹೊಚ್ಚ ಹೊಸದು, ಸ್ವಿಚ್ಚಿಗೆಲ್ಲ ನೀಲಿ ದೀಪ. ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ವೈರನ್ನು, ಮಾಲೀಕರನ್ನು ಕೇಳಿಯೇ, ಅರ್ಧ ಇಂಚು ಸುಲಿದೆ. ತಾಮ್ರ ಕಪ್ಪಗಿತ್ತು. ಇನ್ನೂ ಮೂರು ಇಂಚು ಸುಲಿದರೂ ಕಪ್ಪೇ, ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಬರೀ ತಾಮ್ರದ ಎಳೆಗಳ ನಡುವೆ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ದೋಣಿಗೆ ಬೇಕಾದ್ದು ತವರ ಹಚ್ಚಿದ ತಾಮ್ರದ ವೈರು. ಅಜ್ಜಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸ್ತಿದ್ದರಲ್ವಾ, ಅದೇ ಕಲಾಯಿ. ಸುಲಿದಾಗ ಬೆಳ್ಳಗೆ ಹೊಳೆಯಬೇಕು.

ಆಮೇಲೆ ದೀಪಗಳನ್ನೆಲ್ಲ ಹಾಕಿ, ಬ್ಯಾಟರಿ ಹತ್ತಿರ ಒಂದು ಸಲ, ಮೂಗಿನ ತುದಿಯ ನ್ಯಾವಿಗೇಷನ್ ದೀಪದ ಹತ್ತಿರ ಒಂದು ಸಲ ವೋಲ್ಟ್ ಅಳೆಯಿರಿ. ಈ ದೀಪಕ್ಕೆ ಶೇ 3ರಷ್ಟು, ಅಂದ್ರೆ ಸುಮಾರು 0.36 ವೋಲ್ಟ್ ಇಳಿಯಬಹುದು. ಅದಕ್ಕಿಂತ ಜಾಸ್ತಿ ಇಳಿದರೆ ಮಧ್ಯೆ ಎಲ್ಲೋ ಕಿಲುಬು ಹಿಡಿದಿದೆ, ಇಲ್ಲಾ ವೈರು ಸಣ್ಣದಾಯಿತು. ಹಾಯಿಕಂಬದ ಬುಡದ ಪ್ಲಗ್ಗನ್ನೂ ಬಿಚ್ಚಿ ನೋಡಿ, ಅಲ್ಲಿ ಹಸಿರು ಕಿಲುಬು ಇಲ್ಲದ ಹಳೇ ದೋಣಿ ನಾನಂತೂ ಕಂಡಿಲ್ಲ.

ಕೊನೆಗೆ ದಡದ ಕರೆಂಟಿನ 30 ಆಂಪಿಯರ್ ಸಾಕೆಟ್. ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಅದು ಕಾದು ಸುಟ್ಟಿದೆ. ಬೆಂಕಿ ಶುರುವಾಗೋದು ಇಂಥ ಜಾಗದಲ್ಲೇ. 120 ವೋಲ್ಟಿನ ಕಡೆ ನೀವಾಗಿ ಕೈ ಹಾಕಬೇಡಿ, ಮರೈನ್ ಎಲೆಕ್ಟ್ರಿಷಿಯನ್ ಕರೆಸಿ.

ನೀಲಿ ದೀಪದ ಆ ದೋಣಿಯನ್ನು ಕೊಂಡೆ. ಸುಲಿದ ವೈರಿನ ತುಂಡನ್ನು ಮೇಜಿನ ಮೇಲಿಟ್ಟೇ ಬೆಲೆ ಮಾತಾಡಿದೆ.