ಸಾಂಕ್ರಾಮಿಕದ ಕಾಲದಲ್ಲಿ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವ ಮೊದಲು

ಉಸಿರಾಟದ ಸೋಂಕು ಎಲ್ಲೆಡೆ ಹಬ್ಬಿದಾಗ ಆಸ್ಪತ್ರೆಗಳು ಮೊದಲು ಬಿಗಿ ಮಾಡುವುದು ನೋಡಲು ಬರುವವರ ನಿಯಮಗಳನ್ನು. ಗೇಟಿನಲ್ಲಿ ಜಗಳ ಶುರುವಾಗುವುದೂ ಆಗಲೇ. "ಐದೇ ನಿಮಿಷ, ನೋಡ್ಕೊಂಡು ಬಂದ್ಬಿಡ್ತೀನಿ" ಅಂತ ಇವರು, "ಮೇಲಿಂದ ಹೇಳದೆ ಬಿಡೋ ಹಾಗಿಲ್ಲ" ಅಂತ ಅವರು. ಗೇಟಿನಲ್ಲಿ ನಿಂತವರಿಗೆ ನಿಮ್ಮನ್ನು ಒಳಗೆ ಬಿಡುವ ಅಧಿಕಾರವೇ ಇರುವುದಿಲ್ಲ, ಹಾಗಾಗಿ ಅವರ ಮೇಲೆ ಕೂಗಾಡಿ ಉಪಯೋಗವಿಲ್ಲ. ಭೇಟಿಯ ಮುಕ್ಕಾಲು ಕೆಲಸ ಮನೆಯಲ್ಲೇ, ಫೋನಿನಲ್ಲೇ ಮುಗಿಯಬೇಕು.

ಮೊದಲು ಫೋನ್ ಮಾಡಿ. ರಿಸೆಪ್ಷನ್‌ಗೆ ಅಲ್ಲ, ರೋಗಿ ಇರುವ ವಾರ್ಡಿಗೆ. ಒಂದೇ ಆಸ್ಪತ್ರೆಯಲ್ಲಿ ಐಸಿಯುಗೆ ಒಂದು ನಿಯಮ, ಹೆರಿಗೆ ವಾರ್ಡಿಗೆ ಒಂದು, ಕ್ಯಾನ್ಸರ್ ವಾರ್ಡಿಗೆ ಇನ್ನೊಂದು ಇರಬಹುದು. ಸೋಂಕು ಏರಿದ ಹಾಗೆ, ಇಳಿದ ಹಾಗೆ ನಿಯಮವೂ ಬದಲಾಗುತ್ತದೆ. ಹೋದ ವಾರ ಯಾರನ್ನೋ ಬಿಟ್ಟಿದ್ದರು ಅನ್ನುವುದು ಇವತ್ತು ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ಎಷ್ಟು ಜನ, ಎಷ್ಟು ಹೊತ್ತು, ದಿನವೂ ಅದೇ ವ್ಯಕ್ತಿ ಬರಬೇಕಾ ಅಥವಾ ಬದಲಾಯಿಸಬಹುದಾ, ಟೆಸ್ಟ್ ರಿಪೋರ್ಟ್ ಬೇಕಾ, ಗುರುತಿನ ಚೀಟಿ ಬೇಕಾ, ಯಾವ ಮಾಸ್ಕ್, ಏನೇನು ತರಬಹುದು, ಇಷ್ಟನ್ನೂ ಕೇಳಿ ಬರೆದುಕೊಳ್ಳಿ. ಹೇಳಿದವರ ಹೆಸರನ್ನೂ ಕೇಳಿಟ್ಟುಕೊಳ್ಳಿ, ಗೇಟಿನಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಬಹಳ ಕಡೆ ಒಬ್ಬ ರೋಗಿಗೆ ಒಬ್ಬರೇ ಅನ್ನುತ್ತಾರೆ. ಇಲ್ಲಿ ಮನೆಯವರ ನಡುವೆಯೇ ಎಳೆದಾಟ ಶುರುವಾಗುತ್ತದೆ. ದೊಡ್ಡವರು ಹೋಗಬೇಕು, ಹತ್ತಿರದವರು ಹೋಗಬೇಕು ಅನ್ನುವುದು ಸಹಜ, ಆದರೆ ಈ ಹೊತ್ತಿನಲ್ಲಿ ಹೋಗಬೇಕಾದವರು ಬೇರೆ. ವಯಸ್ಸಾಗಿರಬಾರದು, ಶುಗರ್, ಹೃದಯ, ಶ್ವಾಸಕೋಶದ ತೊಂದರೆ ಇರಬಾರದು, ಮನೆಯಲ್ಲಿ ಹಸುಗೂಸು ಅಥವಾ ತೀರಾ ವಯಸ್ಸಾದವರ ಆರೈಕೆ ಮಾಡುತ್ತಿರಬಾರದು, ಲಸಿಕೆ ಬಂದಿದ್ದರೆ ಹಾಕಿಸಿಕೊಂಡಿರಬೇಕು. ಎಲ್ಲಕ್ಕಿಂತ ಜಾಸ್ತಿ, ಡಾಕ್ಟರ್ ಹೇಳಿದ್ದನ್ನು ಗಾಬರಿಯಾಗದೆ ಕೇಳಿಸಿಕೊಂಡು ಬಂದು ಉಳಿದವರಿಗೆ ಹಾಗೇ ಹೇಳುವವರಾಗಿರಬೇಕು. ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ, ಹೆಚ್ಚಿನ ಕಡೆ ಬಿಡುವುದೂ ಇಲ್ಲ.

ಗಂಟಲು ಕೆರೆತ, ನೆಗಡಿ, ಕೆಮ್ಮು, ಮೈಕೈ ನೋವು, ಸಣ್ಣ ಜ್ವರ, ಇವುಗಳಲ್ಲಿ ಒಂದಿದ್ದರೂ ಹೋಗಬೇಡಿ. ಜ್ವರದ ಮಾತ್ರೆ ನುಂಗಿ ಗೇಟಿನ ಥರ್ಮಾಮೀಟರ್ ದಾಟುವವರಿದ್ದಾರೆ, ಅದು ಶುದ್ಧ ಮೋಸ. ಮೋಸ ಆಗುವುದು ಗೇಟಿನವರಿಗಲ್ಲ, ಪಕ್ಕದ ಹಾಸಿಗೆಯವರಿಗೆ. ಇನ್ನೊಂದು ವಿಷಯ, ಕೋವಿಡ್‌ನಲ್ಲಿ ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಸೋಂಕು ಹರಡಲು ಶುರುವಾಗುತ್ತದೆ. ಅದಕ್ಕೇ "ನಿಮಗೆ ಜ್ವರ ಇದೆಯಾ" ಅಂತ ಮಾತ್ರ ಕೇಳದೆ, "ಮನೆಯಲ್ಲಿ ಯಾರಿಗಾದರೂ ಬಂದಿದೆಯಾ" ಅಂತಲೂ ಕೇಳುತ್ತಾರೆ. ನಿಜ ಹೇಳಿ.

ಇಷ್ಟೆಲ್ಲ ಅತಿಯಾಯ್ತು ಅನ್ನಿಸಿದರೆ 2003ರಲ್ಲಿ ಹಬ್ಬಿದ ಸಾರ್ಸ್ ಅನ್ನುವ ಉಸಿರಾಟದ ಸೋಂಕನ್ನು ನೆನಪಿಸಿಕೊಳ್ಳಿ. ಟೊರೊಂಟೊ, ಸಿಂಗಪುರದಲ್ಲಿ ಅದು ಬಹುಪಾಲು ಹಬ್ಬಿದ್ದು ಆಸ್ಪತ್ರೆಗಳ ಒಳಗೇ. ರೋಗಿಗಳು, ನರ್ಸ್‌ಗಳು, ಡಾಕ್ಟರ್‌ಗಳಿಗೆ ತಗುಲಿದ ಹಾಗೆ ಸುಮ್ನೆ ನೋಡಲು ಬಂದವರಿಗೂ ತಗುಲಿತ್ತು.

ಈಗ ಮಾಸ್ಕ್ ವಿಷಯ. ಬಟ್ಟೆಯ ಮಾಸ್ಕ್ ಆಸ್ಪತ್ರೆಗೆ ಸಾಲದು. ಸರ್ಜಿಕಲ್ ಮಾಸ್ಕ್ ನಿಮ್ಮ ಬಾಯಿಂದ ಹೊರಬೀಳುವ ಹನಿಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕೆನ್ನೆಯ ಪಕ್ಕದಲ್ಲಿ ಜಾಗ ಬಿಟ್ಟಿರುತ್ತದೆ. ಎನ್95 ಗಾಳಿಯಲ್ಲಿನ ತೀರಾ ಸಣ್ಣ ಕಣಗಳಲ್ಲೂ ಕನಿಷ್ಠ 95 ಶೇಕಡಾ ಹಿಡಿಯುತ್ತದೆ, ಮುಖಕ್ಕೆ ಸರಿಯಾಗಿ ಕೂತಿದ್ದರೆ ಮಾತ್ರ. ಕೂರಿಸುವುದು ಹೀಗೆ: ಕೈ ತೊಳೆದು, ಮಾಸ್ಕನ್ನು ಗಲ್ಲದ ಕೆಳಗಿಂದ ಮೇಲಕ್ಕೆ ತನ್ನಿ. ಮೇಲಿನ ಪಟ್ಟಿ ತಲೆಯ ಹಿಂದೆ ಎತ್ತರಕ್ಕೆ, ಕೆಳಗಿನ ಪಟ್ಟಿ ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ಮೇಲಿನ ತಂತಿಯನ್ನು ಒಂದು ಕೈಯಲ್ಲಿ ಹಿಂಡಬೇಡಿ, ಎರಡೂ ಕೈಯ ಬೆರಳುಗಳಿಂದ ಎರಡು ಬದಿಗೂ ಒತ್ತುತ್ತಾ ಹೋಗಿ. ಆಮೇಲೆ ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೋ ಕೆನ್ನೆಯ ಪಕ್ಕಕ್ಕೋ ಗಾಳಿ ತಾಗಿದರೆ ಸರಿಯಾಗಿ ಕೂತಿಲ್ಲ, ಮತ್ತೆ ಸರಿಮಾಡಿ. ಕನ್ನಡಕ ಮಂಜಾಗುವುದೂ ಅದರದೇ ಸೂಚನೆ. ದಟ್ಟ ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಅಂಟುವುದಿಲ್ಲ. ವಾಲ್ವ್ ಇರುವ ಮಾಸ್ಕ್ ಬೇಡ, ನೀವು ಬಿಡುವ ಉಸಿರು ಸೋಸದೆ ಹಾಗೇ ಹೊರಗೆ ಬರುತ್ತದೆ.

ಒಳಗೆ ಹೋದ ಮೇಲೆ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದು ಜಾಸ್ತಿ. ಕೋಣೆಗೆ ಹೋಗುವಾಗ ಮತ್ತು ಬರುವಾಗ ಸ್ಯಾನಿಟೈಸರ್ ಹಚ್ಚಿ 20ರಿಂದ 30 ಸೆಕೆಂಡ್ ಉಜ್ಜಿ, ಹೆಬ್ಬೆರಳು ಮತ್ತು ಉಗುರಿನ ಸಂದು ಬಿಡಬೇಡಿ. ಹಾಸಿಗೆಯ ಮೇಲೆ ಕೂರಬೇಡಿ. ರೋಗಿಯ ಬಾತ್‌ರೂಮ್ ಬಳಸಬೇಡಿ. ಒಳಗೆ ತಿನ್ನುವುದು, ಕುಡಿಯುವುದು ಬೇಡ, ಯಾಕೆಂದರೆ ಮಾಸ್ಕ್ ಇಳಿಸುವ ನೆಪ ಅದೇ. ಮಾತು ಸರಿಯಾಗಿ ಕೇಳಿಸಲಿ ಅಂತ ಮಾಸ್ಕ್ ಗಲ್ಲಕ್ಕೆ ಎಳೆಯುವವರನ್ನು ಎಲ್ಲ ವಾರ್ಡಿನಲ್ಲೂ ಕಾಣಬಹುದು, ಮಾತಾಡುವಾಗಲೇ ಅಲ್ವಾ ಅದು ಬೇಕಾಗಿರುವುದು? ನೆಬ್ಯುಲೈಸರ್ (ಔಷಧವನ್ನು ಮಂಜಿನ ಹಾಗೆ ಮಾಡಿ ಉಸಿರಿನಲ್ಲಿ ಕೊಡುವ ಯಂತ್ರ) ಹಾಕುವಾಗ, ಗಂಟಲಿನ ಕಫ ಎಳೆಯುವಾಗ ಹೊರಗೆ ಬನ್ನಿ, ಆಗ ಗಾಳಿಯಲ್ಲಿ ಕಣಗಳು ಜಾಸ್ತಿ ಸೇರಬಹುದು. ಪರಿಚಯದವರು ಪಕ್ಕದ ವಾರ್ಡಿನಲ್ಲಿದ್ದಾರೆ ಅಂತ ಅಲ್ಲಿಗೂ ಒಂದು ಸುತ್ತು ಹೋಗಬೇಡಿ.

ಗೌನು, ಗ್ಲೌಸ್ ಕೊಟ್ಟಿದ್ದರೆ ಕಳಚುವ ಕ್ರಮವನ್ನು ನರ್ಸ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಹಾಕಿಕೊಳ್ಳುವಾಗ ಆಗುವ ಎಡವಟ್ಟಿಗಿಂತ ಕಳಚುವಾಗ ಆಗುವುದೇ ಅಪಾಯ. ಸಾಮಾನ್ಯವಾಗಿ ಗ್ಲೌಸ್ ಮೊದಲು, ಆಮೇಲೆ ಗೌನು, ಎರಡನ್ನೂ ಒಳಮುಖ ಹೊರಗೆ ಬರುವ ಹಾಗೆ ಮಗುಚಿ ತೆಗೆಯಬೇಕು. ಮಾಸ್ಕ್ ಕೊನೆಗೆ, ಕೋಣೆಯಿಂದ ಹೊರಗೆ ಬಂದು, ಮುಂಭಾಗ ಮುಟ್ಟದೆ ಪಟ್ಟಿ ಹಿಡಿದು. ಗ್ಲೌಸ್ ಹಾಕಿದ್ದೆ ಅಂತ ಕೈ ತೊಳೆಯುವುದನ್ನು ಬಿಡಬೇಡಿ.

"ಯಾರನ್ನೂ ಬಿಡುವುದಿಲ್ಲ" ಅಂದರೂ ವಿನಾಯಿತಿ ಇರುತ್ತದೆ. ಹೆರಿಗೆಗೆ ಜೊತೆಗಿರುವವರು, ಮಗುವಿನ ತಾಯಿ ಅಥವಾ ತಂದೆ, ಮರೆವಿನ ಕಾಯಿಲೆ ಇರುವವರ ಜೊತೆಗಾರರು, ಕೊನೆಯ ಗಳಿಗೆಯಲ್ಲಿರುವವರ ಮನೆಯವರು. ಕೋವಿಡ್ ಶುರುವಾದ 2020ರಲ್ಲಿ ಎಷ್ಟೋ ಜನ ಮನೆಯವರ ಮುಖ ನೋಡದೆ ಹೋದರು, ಆ ಮೇಲೆ ಬಹಳ ಆಸ್ಪತ್ರೆಗಳು ಈ ವಿಷಯದಲ್ಲಿ ಮೆತ್ತಗಾದವು. ನನ್ನ ಮಟ್ಟಿಗೆ ಇದು ಪಟ್ಟು ಹಿಡಿದು ಕೇಳಬೇಕಾದ ಹಕ್ಕೇ. ಕೇಳಬೇಕಾದ್ದು ಚಿಕಿತ್ಸೆ ಕೊಡುತ್ತಿರುವ ಡಾಕ್ಟರನ್ನು ಅಥವಾ ವಾರ್ಡಿನ ಮುಖ್ಯ ನರ್ಸನ್ನು. "ಒಬ್ಬರೇ ಬರ್ತೀವಿ, ನೀವು ಹೇಳಿದಷ್ಟೇ ಹೊತ್ತು, ನೀವು ಕೊಟ್ಟಿದ್ದು ಹಾಕ್ಕೊಂಡು" ಅಂತ ನಿಖರವಾಗಿ ಕೇಳಿದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ. ಬರಹದಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಬಿಡಲೇ ಇಲ್ಲ ಅಂತಾದರೆ ಚಾರ್ಜರ್ ಸಮೇತ ಒಂದು ಫೋನ್ ಕಳಿಸಿ, ಉದ್ದ ವೈರಿರಲಿ, ಪ್ಲಗ್ ಹಾಸಿಗೆಯಿಂದ ದೂರ ಇರಬಹುದು. ಕನ್ನಡಕ, ಕಿವಿಯ ಮೆಷಿನ್ ಮರೆಯಬೇಡಿ. ಮಾಸ್ಕ್ ಹಾಕಿದ ಮುಖಗಳ ನಡುವೆ ಕಣ್ಣು ಕಾಣದೆ ಕಿವಿ ಕೇಳದೆ ಮಲಗಿದ ವಯಸ್ಸಾದವರಿಗೆ ಗೊಂದಲ, ಬಡಬಡಿಕೆ ಬೇಗ ಶುರುವಾಗುತ್ತದೆ. ಎಲ್ಲದರ ಮೇಲೂ ಹೆಸರು ಬರೆದು ಅಂಟಿಸಿ. ಜೊತೆಗೆ ಒಂದು ಹಾಳೆ: ಮನೆಯಲ್ಲಿ ಏನಂತ ಕರೆಯುತ್ತೇವೆ, ಯಾವ ಭಾಷೆ ಸಲೀಸು, ಯಾವ ಔಷಧ ಆಗುವುದಿಲ್ಲ. ವಾರ್ಡಿಗೆ ಮನೆಯಿಂದ ಒಬ್ಬರೇ, ಗೊತ್ತುಮಾಡಿದ ಹೊತ್ತಿಗೆ ಫೋನ್ ಮಾಡಿ. ನರ್ಸ್‌ಗಳ ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಮಾತ್ರ ಬೇಡ.

ಭೇಟಿ ಮುಗಿಸಿ ಬಂದ ಮೇಲೆ ಕೈ ತೊಳೆದು, ಫೋನ್ ಒರೆಸಿ, ಬಟ್ಟೆ ಒಗೆಯಲು ಹಾಕಿದರೆ ಸಾಕು. ಚಪ್ಪಲಿಗೆಲ್ಲ ಔಷಧ ಸಿಂಪಡಿಸುವ ಸಂಭ್ರಮ ಬೇಡ. ಕೋವಿಡ್ ಆದರೆ ಲಕ್ಷಣ ಕಾಣಿಸಲು 14 ದಿನದವರೆಗೂ ಹಿಡಿಯಬಹುದು. ಆ ನಡುವೆ ಜ್ವರ ಕೆಮ್ಮು ಬಂದರೆ ಟೆಸ್ಟ್ ಮಾಡಿಸಿ, ಪಾಸಿಟಿವ್ ಬಂದರೆ ಮುಜುಗರ ಪಡದೆ ಅದೇ ವಾರ್ಡಿಗೆ ಫೋನ್ ಮಾಡಿ ಯಾವ ದಿನ, ಯಾವ ಹೊತ್ತು, ಯಾವ ಹಾಸಿಗೆಯ ಹತ್ತಿರ ಇದ್ದಿರಿ ಅಂತ ತಿಳಿಸಿ.