ಏಜೆಂಟ್ ಇಲ್ಲದೆ ಲಂಕಾವಿ: ಎರಡನೇ ಸಲ ದಕ್ಕಿತು

ಭಾರತದ ಪಾಸ್‌ಪೋರ್ಟು, ಸ್ವಂತ ದೋಣಿ, ಬಂದರಿನ ಕಾಗದಪತ್ರ ಮಾಡಿಸಿಕೊಡುವ ಏಜೆಂಟ್ ಇಲ್ಲ. ಹೀಗೆ ಲಂಕಾವಿ ದ್ವೀಪಕ್ಕೆ ಹೋದರೆ ಮಲೇಷ್ಯಾದವರು ಇಮಿಗ್ರೇಶನ್ ಕಿಟಕಿ ಹತ್ತಿರಕ್ಕೂ ಬಿಡಲ್ಲ ಅಂತ ಥೈಲ್ಯಾಂಡಿನ ಫುಕೆಟ್‌ನ ದೋಣಿ ಗೆಳೆಯರು ಹೇಳಿದ್ದರು. ಮಲ್ಪೆಯಲ್ಲಿ ಬೋಟು ಇಟ್ಟಿರುವ ನನ್ನ ಭಾವನೂ ಅದನ್ನೇ ಅಂದಿದ್ದ. ಮೊದಲ ಸಲ ಅವರ ಮಾತೇ ನಿಜವಾಯಿತು, ಒಪ್ಪಿಕೊಳ್ಳುತ್ತೇನೆ.

ಅದು 2024ರ ಜನವರಿ. ಭಾರತೀಯರಿಗೆ 30 ದಿನ ವೀಸಾ ಬೇಡ ಅಂತ ಹಿಂದಿನ ತಿಂಗಳಷ್ಟೇ ಆಗಿತ್ತು. ಆ ಹುರುಪಿನಲ್ಲಿ ಹೊರಟೆ. ಫುಕೆಟ್‌ನ ಚಲೋಂಗ್‌ನಿಂದ ಲಂಕಾವಿಯ ತೆಲಗಾ ಬಂದರಿಗೆ ನೇರ ಹೋದರೆ ಸುಮಾರು 125 ನಾಟಿಕಲ್ ಮೈಲು. ನನ್ನ 32 ಅಡಿಯ ಹಳೇ ದೋಣಿಗೆ 25 ಗಂಟೆ ಸಾಕು. ಆದರೆ ಕತ್ತಲಲ್ಲಿ ಯಾರದೋ ಹರಿದ ಬಲೆ ದೋಣಿಯಡಿಯ ಫ್ಯಾನಿಗೆ ಸುತ್ತಿಕೊಂಡಿತು. ಸುತ್ತ ಬೊಂಡಾಸ (ಸ್ಕ್ವಿಡ್) ಹಿಡಿಯುವ ಬೋಟುಗಳ ಹಸಿರು ದೀಪ, ಊರ ಜಾತ್ರೆಯ ಹಾಗೆ. ಬೆಳಕು ಹರಿಯೋವರೆಗೂ ಕಾದು, ಕೆಳಗೆ ಮುಳುಗಿ, ಅಡುಗೆಮನೆ ಚಾಕುವಿನಲ್ಲಿ ಕೊಯ್ದೆ. ಆರೇಳು ಗಂಟೆ ಹೋಯಿತು.

ತೆಲಗಾ ತಲುಪಿದಾಗ ದೋಣಿಯ ಗಡಿಯಾರದಲ್ಲಿ ನಾಲ್ಕೂ ಕಾಲು. ಓಡಿದೆ. ಇಮಿಗ್ರೇಶನ್ ಆಫೀಸಿನ ಬಾಗಿಲು ಹಾಕಿತ್ತು. ಮಲೇಷ್ಯಾ ಸಮಯ ಥೈಲ್ಯಾಂಡಿಗಿಂತ ಒಂದು ಗಂಟೆ ಮುಂದೆ, ಅಲ್ವಾ! ಗೊತ್ತಿಲ್ಲದ್ದೇನಲ್ಲ, ಬಲೆ ಗಲಾಟೆಯಲ್ಲಿ ಮರೆತಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಅಂದರೆ ಅವತ್ತು ಗುರುವಾರ. ಲಂಕಾವಿ ಇರುವ ಕೆಡಾ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಒಳಬರುವ ಅನುಮತಿ ಇನ್ನೂ ಸಿಕ್ಕಿಲ್ಲ ಅಂತ ಹೇಳುವ ಹಳದಿ ಬಾವುಟ ಹಾರಿಸಿಕೊಂಡು ದೋಣಿಯಲ್ಲೇ ಕೂತೆ. ಕುಡಿಯುವ ನೀರು ತಳ ಕಂಡಾಗ ಒಬ್ಬ ಏಜೆಂಟನಿಗೆ ಫೋನ್ ಮಾಡಿದೆ. ಅವನು 500 ರಿಂಗಿಟ್ ಚಿಲ್ಲರೆ ತಗೊಂಡ. ನಮ್ಮ ಹತ್ತು ಸಾವಿರ ರೂಪಾಯಿ ಹತ್ತಿರ. ಅವನು ಮಾಡಿದ್ದು ನನ್ನದೇ ಕಾಗದಗಳನ್ನು ಮೂರು ಕಡೆ ತೋರಿಸಿದ್ದು, ಅಷ್ಟೇ. ಹೊಟ್ಟೆ ಉರಿಯಿತು.

ಹಾಗಾಗಿ 2025ರಲ್ಲಿ ಮೊದಲು ವಾರ ನೋಡಿದೆ, ಆಮೇಲೆ ಗಾಳಿ ನೋಡಿದೆ. ಹೇಗೂ ಈಶಾನ್ಯ ಗಾಳಿಯ ಕಾಲ, ಅದು ಕೈಕೊಡೋದು ಕಡಿಮೆ. ಶುಕ್ರವಾರ ಚಲೋಂಗ್ ಧಕ್ಕೆಯ ಆಫೀಸಿನಲ್ಲಿ ಹೊರಹೋಗುವ ಕಾಗದ ಮುಗಿಸಿ, ಶನಿವಾರ ನಸುಕಿಗೆ ಲಂಗರು ಎತ್ತಿದೆ. ಭಾವನೂ ಜೊತೆಗಿದ್ದ. ಅವನು ಫುಕೆಟ್‌ಗೆ ವಿಮಾನದಲ್ಲಿ ಬಂದವನು. ಹೊರಡುವ ಮೊದಲೇ ಅವನ ಹೆಸರು ಕ್ರೂ ಲಿಸ್ಟಿನಲ್ಲಿ ಇರಬೇಕು, ಮರೀಬೇಡಿ.

ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡನ್ನು ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದರಲ್ಲಿ ವಿಮಾನದ ನಂಬರ್ ಕೇಳುವ ಜಾಗ ನೋಡಿ ಭಾವ ಗಾಬರಿಯಾದ. ಸಮುದ್ರ ಅಂತ ಆರಿಸಿ ದೋಣಿ ಹೆಸರು ಹಾಕಿದೆ, ತಕರಾರಿಲ್ಲದೆ ಹೋಯಿತು.

ಭಾನುವಾರ ಅಲ್ಲಿಯ ಎಂಟು ಗಂಟೆಗೆ ಮಾಚಿಂಚಾಂಗ್ ಬೆಟ್ಟ ಎದುರಿಗೆ. ಹೊರಗೆ ಲಂಗರು ಹಾಕಿ ಡಿಂಗಿ ಅನ್ನುವ ಪುಟ್ಟ ದೋಣಿಯಲ್ಲಿ ಹೋದೆ. ಅಲೆ ಹೊಡೆಯದ ಒಂದು ಜಾಗ ಸಿಕ್ಕಿದೆ. ಎಲ್ಲಿ ಅಂತ ಬರೆಯಲ್ಲ, ಮುಂದಿನ ವರ್ಷ ನನಗೇ ಬೇಕು.

ಹಾರ್ಬರ್ ಮಾಸ್ಟರ್, ಇಮಿಗ್ರೇಶನ್, ಕಸ್ಟಮ್ಸ್ ಮೂರೂ ದೋಣಿ ಕಟ್ಟುವ ಮರೀನಾದಲ್ಲೇ, ನಾಲ್ಕು ಹೆಜ್ಜೆ. ಇಮಿಗ್ರೇಶನ್ ಹುಡುಗ ಪಾಸ್‌ಪೋರ್ಟ್ ನೋಡಿದ, ನನ್ನ ಬೆನ್ನ ಹಿಂದೆ ಇಣುಕಿದ. ‘ಕ್ಯಾಪ್ಟನ್ ಎಲ್ಲಿ?’ ನಾನೇ ಅಂದೆ. ನಂಬಲಿಲ್ಲ. ಆಗ ಜೇಬಿನಿಂದ ದೋಣಿಯ ಮೊಹರು ತೆಗೆದೆ. ಕುಂದಾಪುರದಲ್ಲಿ ಇನ್ನೂರು ರೂಪಾಯಿಗೆ ಮಾಡಿಸಿದ್ದು, ದುಂಡಗೆ, ನಡುವೆ ಲಂಗರಿನ ಚಿತ್ರ. ನಾಲ್ಕು ಕ್ರೂ ಲಿಸ್ಟಿಗೂ ಟಪ್ ಟಪ್ ಒತ್ತಿ ಸಹಿ ಹಾಕಿದೆ. ಅವನ ಮುಖವೇ ಬದಲಾಯಿತು. ‘ಕ್ಯಾಪ್ಟನ್, ಕೂತ್ಕೊಳ್ಳಿ.’ ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಖರ್ಚು? ಚಿಲ್ಲರೆ ಶುಲ್ಕ, ಐವತ್ತು ರಿಂಗಿಟ್ ದಾಟಲಿಲ್ಲ. ಕಾಗದ ಯಾವ ಕ್ರಮದಲ್ಲಿ ಜೋಡಿಸಿದ್ದೆ ಅನ್ನೋದು ನನ್ನ ಗುಟ್ಟು.

ಎರಡು ರಾತ್ರಿ ದೋಣಿಯನ್ನು ಮರೀನಾದ ಒಳಗೆ ಕಟ್ಟಿದೆವು. ದಿನಕ್ಕೆ 70–80 ರಿಂಗಿಟ್ ಇದ್ದ ನೆನಪು. ನೀರು, ಕರೆಂಟು, ಸ್ನಾನದ ಕೋಣೆ ಚೆನ್ನಾಗಿವೆ. ಸಾಮಾನು ತರೋಕೆ ಮಾತ್ರ ಸ್ಕೂಟರ್ ಬೇಕು. 1987ರಿಂದ ಸುಂಕವಿಲ್ಲದ ದ್ವೀಪ. ಭಾವ ಚಾಕಲೇಟಿಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ವಾರ ಕಟ್ಟಬಹುದಿತ್ತು.

ಇನ್ನೊಂದು ಹುಚ್ಚು ಪ್ರಯೋಗ. ಲಂಗರಿನ ಸರಪಳಿ ಜಗ್ಗದಿರಲಿ ಅಂತ ನೈಲಾನ್ ಬದಲು ಊರಿನ ತೆಂಗಿನ ನಾರಿನ ಹಗ್ಗ ಕಟ್ಟಿದ್ದೆ. ಮೂರು ರಾತ್ರಿ ಸೊಗಸಾಗಿತ್ತು, ಸ್ವಲ್ಪವೂ ಸದ್ದಿಲ್ಲ. ನಾಲ್ಕನೇ ದಿನ ಕೊಳೆತ ನಾರಿನ ವಾಸನೆ. ಐದನೇ ರಾತ್ರಿ ಮಳೆಗಾಳಿಗೆ ಪಟ್ ಅಂತ ತುಂಡಾಯಿತು. ಸರಪಳಿ ಹಿಡಿದಿದ್ದರಿಂದ ಬಚಾವ್. ಮುಂದಿನ ಸಲ ದಪ್ಪ ಹಗ್ಗ ಹಾಕಿ ನೋಡಬೇಕು ಅಂದೆ. ‘ಸುಮ್ನಿರು ಮಾರಾಯ’ ಅಂದು ಭಾವ ನೈಲಾನ್ ಹಗ್ಗದ ಸುರುಳಿ ಬಿಚ್ಚತೊಡಗಿದ.