80 ಲಕ್ಷದ ಮನೆಗೆ ಕೈಯಲ್ಲಿ ಎಷ್ಟಿರ್ಬೇಕು? ಬ್ಯಾಂಕ್ ಕೊಡದ ದುಡ್ಡಿನ ಲೆಕ್ಕ

ಮನೆ ತಗೋತೀನಿ ಅಂತ ಹೊರಟೋರು ಮೊದ್ಲು ಕೇಳೋದೇ ಯಾವ ಬ್ಯಾಂಕಲ್ಲಿ ಬಡ್ಡಿ ಕಮ್ಮಿ ಅಂತ. ಕೇಳ್ಬೇಕು, ತಪ್ಪಿಲ್ಲ, ಆದ್ರೆ ಕಾಲು ಪರ್ಸೆಂಟ್ ಬಡ್ಡಿ ಆಚೆ ಈಚೆ ಆಗಿ ಬೀದಿಗೆ ಬಂದೋರನ್ನ ನಾನಂತೂ ನೋಡಿಲ್ಲ. ಜನ ಸಿಕ್ಕಾಕೊಳ್ಳೋದು ಬ್ಯಾಂಕ್ ಕೊಡದೇ ಇರೋ ದುಡ್ಡನ್ನ ಹೊಂದಿಸೋಕೆ ಹೋಗಿ. ಅದಕ್ಕೇ ಆ ಲೆಕ್ಕದಿಂದಲೇ ಶುರು ಮಾಡ್ತೀನಿ.

ಬೆಂಗಳೂರಲ್ಲಿ 80 ಲಕ್ಷದ್ದೊಂದು ರೀಸೇಲ್ ಫ್ಲಾಟ್ ನೋಡಿದೀರ ಅನ್ಕೊಳಿ. ಆರ್‌ಬಿಐ ರೂಲ್ ಪ್ರಕಾರ ಸಾಲ 30 ಲಕ್ಷದೊಳಗಿದ್ರೆ ಮನೆ ಬೆಲೆಯ 90 ಪರ್ಸೆಂಟ್ ತನಕ ಕೊಡಬಹುದು, 30ರಿಂದ 75 ಲಕ್ಷದ ಸಾಲಕ್ಕೆ 80, ಅದಕ್ಕೂ ಮೇಲಾದ್ರೆ 75. ಇದು ಮ್ಯಾಕ್ಸಿಮಮ್ಮು, ಕೊಟ್ಟೇ ಕೊಡ್ತಾರೆ ಅಂತಲ್ಲ. ನಮ್ಮ ಫ್ಲಾಟಿಗೆ 64 ಲಕ್ಷ ಸಿಗತ್ತೆ, ಮಿಕ್ಕ 16 ನಿಮ್ದು. ಆಮೇಲೆ ರಿಜಿಸ್ಟ್ರೇಷನ್ ಖರ್ಚು. ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟು, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿದ್ರೆ ಸಿಟಿಯೊಳಗೆ 5.6, ರಿಜಿಸ್ಟ್ರೇಷನ್ ಫೀ ಮೊದ್ಲು 1 ಇತ್ತು, 2025ರ ಆಗಸ್ಟ್ 31ರಿಂದ 2 ಮಾಡಿದಾರೆ. ಒಟ್ಟು 7.6 ಪರ್ಸೆಂಟು, ಅಂದ್ರೆ 6 ಲಕ್ಷದ 8 ಸಾವಿರ. ಇದನ್ನೂ ಮನೆ ಬೆಲೆಗೆ ಸೇರಿಸಿ ಲೋನ್ ಕೊಡಿ ಅಂದ್ರೆ ಕೊಡಲ್ಲ. ಹಂಗಾಗಿ 22 ಲಕ್ಷ ಚಿಲ್ಲರೆ ನಿಮ್ಮ ಕೈಯಿಂದ್ಲೇ ಹೋಗ್ಬೇಕು, ಪ್ರೋಸೆಸಿಂಗ್ ಫೀ, ಲಾಯರ್ ಫೀ, ಬ್ರೋಕರ್ ಕಮಿಷನ್, ಗೃಹಪ್ರವೇಶದ ಊಟ ಎಲ್ಲ ಬೇರೆ.

ಈ ಲೆಕ್ಕ ನನಗೂ ಗೊತ್ತಿತ್ತು, ಆದ್ರೂ ಎಡವಿದೆ. ನನ್ನದೂ 80 ಲಕ್ಷದ ಫ್ಲಾಟೇ, ಅಗ್ರಿಮೆಂಟ್ ಆಗಿ 5 ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು, 60 ದಿನ ಟೈಮು. ಬ್ಯಾಂಕಿಂದ ವ್ಯಾಲ್ಯುಯೇಷನ್ನಿಗೆ ಬಂದ ಹುಡುಗ ಹಾಲಲ್ಲಿ ಟೇಪ್ ಹಿಡಿದು ಎರಡು ಕಡೆ ಅಳೆದ, ಬಾಲ್ಕನಿದೊಂದು ಫೋಟೋ ತೆಗೆದ, ಕೊಟ್ಟ ನೀರು ಕೂಡ ಕುಡೀದೆ ಹತ್ತು ನಿಮಿಷದಲ್ಲಿ ಹೊರಟ. ರಿಪೋರ್ಟಲ್ಲಿ 72 ಲಕ್ಷ ಅಂತ ಬರೆದಿದ್ದ. ಬ್ಯಾಂಕ್ ಅಗ್ರಿಮೆಂಟ್ ರೇಟು, ವ್ಯಾಲ್ಯುಯೇಷನ್ ರೇಟು ಎರಡ್ರಲ್ಲಿ ಯಾವ್ದು ಕಮ್ಮಿನೋ ಅದನ್ನೇ ಹಿಡಿಯೋದು. 72ರ 80 ಪರ್ಸೆಂಟ್ ಅಂದ್ರೆ 57 ಲಕ್ಷದ 60 ಸಾವಿರ. ಒಂದು ಕಾಗದದಲ್ಲಿ 6 ಲಕ್ಷದ 40 ಸಾವಿರ ಕಮ್ಮಿಯಾಯ್ತು, ಈಗಿನ ಫೀ ಲೆಕ್ಕದಲ್ಲಿ 22 ಇದ್ದಿದ್ದು 28 ಲಕ್ಷ ದಾಟಿದ ಹಾಗೆ, ಅವತ್ತು ರಾತ್ರಿ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ. ಅದಕ್ಕೇ ಹೇಳೋದು, ಅಗ್ರಿಮೆಂಟ್ ಬರೆಸೋವಾಗಲೇ "ಬ್ಯಾಂಕ್ ಇಂತಿಷ್ಟು ಸಾಲ ಕೊಡದಿದ್ರೆ ಅಡ್ವಾನ್ಸ್ ಪೂರ್ತಿ ವಾಪಸ್" ಅಂತ ಒಂದು ಸಾಲು ಹಾಕಿಸಿ. ಮಾರೋರು ಮುಖ ಸಿಂಡರಿಸ್ತಾರೆ, ಸಿಂಡರಿಸ್ಲಿ. ಅಡ್ವಾನ್ಸ್ ಕೊಡೋಕೆ ಮುಂಚೆ ಕಾಗದದ ಜೆರಾಕ್ಸ್ ಸೆಟ್ ಒಂದನ್ನ ಬ್ಯಾಂಕಿಗೆ ಕೊಟ್ಟು ಲೀಗಲ್ಲು, ವ್ಯಾಲ್ಯುಯೇಷನ್ನು ಮಾಡಿಸೋಕಾದ್ರೆ ಇನ್ನೂ ಒಳ್ಳೇದು, ನಾಲ್ಕೈದು ಸಾವಿರ ಹೋದ್ರೂ ಹೋಗ್ಲಿ.

ಸರಿ, ಈ ಕೈದುಡ್ಡು ಎಲ್ಲಿಂದ? ಉಳಿತಾಯ, ಎಫ್‌ಡಿ ಬಿಡಿ, ಅದು ಗೊತ್ತಿರೋದೇ. ಸಂಬಳದೋರಾದ್ರೆ ಪಿಎಫ್ ಮೊದ್ಲು ನೋಡಿ, ಮನೆ ತಗೊಳ್ಳೋಕೆ ಅಂತಲೇ ತೆಗೆಯೋಕೆ ಅವಕಾಶ ಇದೆ, ವಾಪಸ್ ಕಟ್ಬೇಕಾಗಿಲ್ಲ, ನಿಮ್ಮ ದುಡ್ಡೇ ತಾನೆ. ಆದ್ರೆ ಹೆಸರು, ಹುಟ್ಟಿದ ದಿನ ಆಧಾರ್‌ಗೆ ಮ್ಯಾಚ್ ಆಗ್ದೆ ಕ್ಲೈಮ್ ರಿಜೆಕ್ಟ್ ಆಗೋದು ಮಾಮೂಲಿ, ಎರಡು ತಿಂಗಳು ಮುಂಚೆನೇ ಸರಿ ಮಾಡಿಸ್ಕೊಳಿ. ಎಲ್‌ಐಸಿ ಪಾಲಿಸಿ ಹಳೇದಿದ್ರೆ ಅದರ ಮೇಲೂ ಸಾಲ ಸಿಗತ್ತೆ. ನಾನು ಆ 6 ಲಕ್ಷಕ್ಕೆ ಮಾಡಿದ್ದು ಮನೆಯವಳ ಒಡವೆ ಬ್ಯಾಂಕಲ್ಲಿ ಅಡ ಇಟ್ಟಿದ್ದು. ಬಡ್ಡಿ ಹೋಮ್ ಲೋನಿಗಿಂತ ಸ್ವಲ್ಪ ಜಾಸ್ತಿ, ಪರ್ಸನಲ್ ಲೋನಿಗಿಂತ ಕಮ್ಮಿ, ಅರ್ಧ ದಿನದಲ್ಲಿ ದುಡ್ಡು. ಒಂದೂವರೆ ವರ್ಷ ಆದ್ಮೇಲೆ ಬಿಡಿಸ್ಕೊಂಡು ಬಂದೆ, ಅಲ್ಲೀತನಕ ಪ್ರತಿ ಮದುವೆಗೆ ಹೊರಡೋವಾಗಲೂ ಮಾತು ಕೇಳಿದೀನಿ ಅದು ಬೇರೆ.

ಪರ್ಸನಲ್ ಲೋನ್ ತಗೊಂಡು ಡೌನ್ ಪೇಮೆಂಟ್ ಕಟ್ತೀನಿ ಅನ್ನೋರಿಗೆ ಒಂದು ವಿಷ್ಯ. ಅದರ ಇಎಂಐ ಸಿಬಿಲ್‌ನಲ್ಲಿ, ಅಂದ್ರೆ ಬ್ಯಾಂಕ್ ನೋಡೋ ನಿಮ್ಮ ಸಾಲಗಳ ರಿಪೋರ್ಟಲ್ಲಿ, ಕಾಣತ್ತೆ, ಅಷ್ಟರಮಟ್ಟಿಗೆ ಹೋಮ್ ಲೋನ್ ಎಲಿಜಿಬಿಲಿಟಿ ಇಳಿಯತ್ತೆ. ಇಲ್ಲಿ ತುಂಬೋಕೆ ಹೋಗಿ ಅಲ್ಲಿ ಖಾಲಿ.

ಚೀಟಿ ಬಗ್ಗೆ ಓದಿದೋರು ಮೂಗು ಮುರೀತಾರೆ, ಆದ್ರೆ ನಮ್ಮಲ್ಲಿ ಎಷ್ಟೋ ಸೈಟುಗಳ ಅಡ್ವಾನ್ಸು ಚೀಟಿ ದುಡ್ಡಿಂದ್ಲೇ ಆಗಿರೋದು. ತಿಂಗಳಿಗೆ 25 ಸಾವಿರದಂತೆ 40 ತಿಂಗಳ 10 ಲಕ್ಷದ ಚೀಟಿ ಅಂತಿಟ್ಕೊಳಿ, ಶುರುವಲ್ಲೇ ಹರಾಜಲ್ಲಿ ಕಮ್ಮಿ ಮೊತ್ತಕ್ಕೆ ಕೂಗಿ ಎತ್ತಿದ್ರೆ ಕೈಗೆ 7 ಲಕ್ಷದ ಆಸುಪಾಸು ಬರಬಹುದು, ಕಂತು ಮಾತ್ರ 40 ತಿಂಗಳೂ ಕಟ್ಬೇಕು. ಅವಸರಕ್ಕೆ ಎತ್ತೋದಕ್ಕಿಂತ ಮನೆ ನೋಡೋಕೆ ಮೂರು ವರ್ಷ ಮುಂಚೆ ಸೇರ್ಕೊಂಡು ಕೊನೆಕೊನೆಗೆ ಎತ್ತೋದು ಜಾಣತನ. ರಿಜಿಸ್ಟರ್ ಆಗಿರೋ ಕಡೆ ಮಾತ್ರ ಹಾಕಿ, ಸರ್ಕಾರದ್ದೇ ಎಂಎಸ್‌ಐಎಲ್ ಚೀಟಿ ಇದೆ. ಏರಿಯಾದಲ್ಲಿ ಪರಿಚಯದೋರು ನಡೆಸೋ ಚೀಟಿಗೆ ಮನೆ ದುಡ್ಡು ಹಾಕೋದು ಬೇಡವೇ ಬೇಡ.

ಕೈಸಾಲದಲ್ಲಿ "ಬರೀ ಎರಡು ರೂಪಾಯಿ ಬಡ್ಡಿ" ಅಂತಾರಲ್ಲ, ಅದು ತಿಂಗಳಿಗೆ ನೂರಕ್ಕೆ ಎರಡು, ವರ್ಷಕ್ಕೆ 24 ಪರ್ಸೆಂಟು. 5 ಲಕ್ಷಕ್ಕೆ ತಿಂಗಳಿಗೆ 10 ಸಾವಿರ ಬಡ್ಡಿನೇ ಹೋಗತ್ತೆ, ಅಸಲು ಇದ್ದಲ್ಲೇ ಇರತ್ತೆ.

ಕ್ಯಾಶ್ ವಿಷ್ಯ. ಮಾರೋರು "ಕ್ರಯಪತ್ರದಲ್ಲಿ 60 ತೋರ್ಸೋಣ, ಮಿಕ್ಕ 20 ಕ್ಯಾಶ್ ಕೊಡಿ" ಅಂತಾರೆ, ಸ್ಟ್ಯಾಂಪ್ ಡ್ಯೂಟಿ ಉಳಿಯತ್ತೆ ಅಂತ ನಮಗೂ ಆಸೆ. ಬ್ಯಾಂಕ್ 60ರ ಮೇಲೆ ಲೆಕ್ಕ ಹಾಕಿ 48 ಲಕ್ಷ ಕೊಡತ್ತೆ, ನೀವು 32 ಹೊಂದಿಸ್ಬೇಕು. ಅದೂ ಅಲ್ದೆ ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋ ಹಂಗೇ ಇಲ್ಲ, ಸಿಕ್ಕಿಬಿದ್ರೆ ತಗೊಂಡೋರಿಗೆ ಅಷ್ಟೇ ದಂಡ. ಮುಂದೆ ನೀವು ಮಾರೋವಾಗ ನಿಮ್ಮ ಖರೀದಿ ಬೆಲೆ 60 ಅಂತಲೇ ಲೆಕ್ಕ, ಆ 20ಕ್ಕೂ ನೀವೇ ಟ್ಯಾಕ್ಸ್ ಕಟ್ಬೇಕು. ಹಾಂ, ಬೆಲೆ 50 ಲಕ್ಷ ಆದ್ರೆ ಅಥವಾ ಮೇಲಿದ್ರೆ 1 ಪರ್ಸೆಂಟ್ ಟಿಡಿಎಸ್ (ಮಾರೋರಿಗೆ ಕೊಡೋ ದುಡ್ಡಲ್ಲೇ ಮುರ್ಕೊಳ್ಳೋ ಟ್ಯಾಕ್ಸು) ಹಿಡಿದು ಕಟ್ಟೋದು ತಗೊಳ್ಳೋರ ಕೆಲಸ, ಮರೆತ್ರೆ ಬಡ್ಡಿ, ಫೈನ್ ನಮಗೇ.

ಸೈಟ್ ತಗೊಳ್ಳೋರದ್ದು ಬೇರೆ ಕತೆ. ಬಿಡಿಎ ಸೈಟು, ಅಪ್ರೂವ್ಡ್ ಲೇಔಟು ಆದ್ರೆ ಬ್ಯಾಂಕ್ ಕೊಡತ್ತೆ, ಮನೆಗಿಂತ ಸ್ವಲ್ಪ ಕಮ್ಮಿನೇ ಕೊಡತ್ತೆ, ಇಷ್ಟು ವರ್ಷದೊಳಗೆ ಕಟ್ಬೇಕು ಅಂತ ಕಂಡೀಷನ್ನೂ ಹಾಕತ್ತೆ. ರೆವಿನ್ಯೂ ಸೈಟು (ಅಪ್ರೂವಲ್ ಇಲ್ದೆ ಹೊಲ ಒಡೆದು ಮಾಡಿದ್ದು), ಬಿ ಖಾತಾ (ಕಾಗದ ಪೂರ್ತಿ ಸರಿ ಇಲ್ಲದ ಆಸ್ತಿ) ಅಂದ್ರೆ ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಮುಟ್ಟಲ್ಲ, ಕೊಡೋರು ಜಾಸ್ತಿ ಬಡ್ಡಿಗೆ ಕೊಡ್ತಾರೆ. "ಎಲ್ಲ ಬ್ಯಾಂಕಲ್ಲೂ ಲೋನ್ ಆಗತ್ತೆ ಸಾರ್" ಅಂತ ಬ್ರೋಕರ್ ಅಂದ್ರೆ, ಅದೇ ಲೇಔಟಲ್ಲಿ ಆಗ್ಲೇ ಲೋನ್ ತಗೊಂಡಿರೋ ಯಾರದ್ದಾದ್ರೂ ಇಸಿ (ಆಸ್ತಿ ಮೇಲಿನ ಸಾಲ, ರಿಜಿಸ್ಟ್ರೇಷನ್ ವಿವರ ಇರೋ ಸರ್ಟಿಫಿಕೇಟು) ತೋರ್ಸಿ ಅನ್ನಿ. ಬ್ಯಾಂಕಿನ ಹೆಸರು ಅದರಲ್ಲೇ ಇರತ್ತೆ.

ಇನ್ನು ಬಾಡಿಗೆ ಬರ್ಲಿ ಅಂತ ಎರಡನೇ ಮನೆ ತಗೊಳ್ಳೋರು. ಅದೇ 64 ಲಕ್ಷ, 8.5 ಪರ್ಸೆಂಟು, 20 ವರ್ಷ ಅಂದ್ರೆ ಇಎಂಐ 55,500 ಹತ್ರ. ಮೊದಲ ತಿಂಗಳ ಕಂತಲ್ಲಿ 45 ಸಾವಿರ ಬಡ್ಡಿ, 10 ಸಾವಿರ ಅಸಲು. ಬಾಡಿಗೆ 25 ಸಾವಿರ ಬಂದ್ರೂ ಪ್ರತಿ ತಿಂಗಳು 30 ಸಾವಿರ ಜೇಬಿಂದ. 30 ವರ್ಷಕ್ಕೆ ಎಳೆದ್ರೆ ಇಎಂಐ 6 ಸಾವಿರ ಇಳಿಯತ್ತೆ ನಿಜ, ಒಟ್ಟು ಕಟ್ಟೋದು ಹತ್ತಿರ ಹತ್ತಿರ 44 ಲಕ್ಷ ಏರತ್ತೆ. ಏನೇ ಆದ್ರೂ ಫ್ಲೋಟಿಂಗ್ ರೇಟೇ (ಆಗಾಗ ಏರಿಳಿಯೋ ಬಡ್ಡಿ) ತಗೊಳಿ, ಕೈಗೆ ದುಡ್ಡು ಬಂದಾಗ ಮುಂಚೆ ಕಟ್ಟಿದ್ರೆ ಹೋಮ್ ಲೋನಿಗೆ ದಂಡ ಹಾಕೋ ಹಂಗಿಲ್ಲ.

ಈ ತಿಂಗಳಿನ ತೂತು ಮುಚ್ಚೋಕೆ ಬೆಂಗಳೂರಲ್ಲಿ ಜನ ಮಾಡೋದು ಲೀಸು, ಹಳಬರು ಭೋಗ್ಯ ಅಂತಾರಲ್ಲ ಅದು. ಬಾಡಿಗೆ ಬದ್ಲು ಒಟ್ಟಿಗೆ 15-20 ಲಕ್ಷ ಇಸ್ಕೊಂಡು ಅದನ್ನ ಲೋನಿಗೆ ಕಟ್ಟಿಬಿಡೋದು. ಮೂರಂತಸ್ತು ಕಟ್ಟಿರೋ ಎಷ್ಟೋ ಓನರ್‌ಗಳ ಮೇಲಿನ ಎರಡು ಮಹಡಿ ಎದ್ದಿರೋದೇ ಕೆಳಗಿನೋರ ಲೀಸ್ ದುಡ್ಡಲ್ಲಿ. ಬಡ್ಡಿ ಇಲ್ಲದ ಸಾಲ ಅನ್ಸತ್ತೆ, ಆದ್ರೆ ಮೂರು ವರ್ಷಕ್ಕೆ ಅವರು ಖಾಲಿ ಮಾಡ್ತೀವಿ ಅಂದ ದಿನ ಪೂರ್ತಿ ದುಡ್ಡು ಎಣಿಸ್ಬೇಕು, ಹೊಸ ಲೀಸಿನೋರು ಸಿಗ್ಲಿಲ್ಲ ಅಂದ್ರೆ ಅದೇ ಎರಡು ರೂಪಾಯಿ ಬಡ್ಡಿಯೋರ ಮನೆ ಬಾಗಿಲು. ಲೀಸಿನೋರು ಇರೋ ಬಿಲ್ಡಿಂಗನ್ನ ನೀವು ತಗೊಳ್ಳೋದಾದ್ರೆ ಒಂದೊಂದು ಮನೆ ಬಾಗಿಲು ತಟ್ಟಿ, ಎಷ್ಟು ಕೊಟ್ಟಿದೀರ ಅಂತ ಅವರ ಬಾಯಿಂದಲೇ ಕೇಳಿ, ಕಾಗದ ನೋಡಿ, ಅಷ್ಟನ್ನೂ ಬೆಲೇಲಿ ಕಳೀರಿ.

ಕೊನೇದಾಗಿ, ಲೋನ್ ತೀರಿದ ದಿನ ಸಿಹಿ ಹಂಚೋಕೆ ಮುಂಚೆ. ಒರಿಜಿನಲ್ ಕಾಗದ 30 ದಿನದೊಳಗೆ ಬ್ಯಾಂಕ್ ವಾಪಸ್ ಕೊಡ್ಬೇಕು, ಬ್ಯಾಂಕಿನ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ನಿಮಗೆ ಕೊಡ್ಬೇಕು, 2023ರ ಡಿಸೆಂಬರಿಂದ ಆರ್‌ಬಿಐ ರೂಲ್ ಇದು. ಆದ್ರೆ ಕಾಗದ ಬಂತು ಅಂತ ಸುಮ್ನಾಗ್ಬೇಡಿ, ಅಡಮಾನ ಬಿಡುಗಡೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲೂ ದಾಖಲಾಗ್ಬೇಕು. ನಮ್ಮ ಚಿಕ್ಕಪ್ಪ ಸಾಲ ತೀರಿಸಿ ಹನ್ನೊಂದು ವರ್ಷ ಆದ್ಮೇಲೆ ಮನೆ ಮಾರೋಕೆ ಹೋದ್ರೆ ಇಸಿಯಲ್ಲಿ ಇನ್ನೂ ಬ್ಯಾಂಕಿನ ಸಾಲ ಹಾಗೇ ಕೂತಿತ್ತು, ಅಷ್ಟೊತ್ತಿಗೆ ಆ ಬ್ರಾಂಚು ಬೇರೆ ಬ್ರಾಂಚಲ್ಲಿ ಸೇರಿಹೋಗಿತ್ತು, ಒಂದು ಲೆಟರ್‌ಗೆ ನಾಲ್ಕು ತಿಂಗಳು ಓಡಾಡಿದ್ರು.